ಕುಸುಬಿ ಎಣ್ಣೆಯ ಕೋಟು

ನಾನು ಈಜುಗಾರ. ಬೇಕಾದರೆ ಶಹಾಬಾದದಲ್ಲಿ ನಮ್ಮ ಓಣಿಯ ಬಾವಿಯನ್ನು ಕೇಳಿ. ಸುತ್ತಲೂ ಫರಸಿ ಕಲ್ಲಿನ ಮೆಟ್ಟಿಲು, ನಾಲ್ಕು ಕೈ ಹೊಡೆದರೆ ಆಚೆ ಗೋಡೆ. ಆ ಬಾವಿಯಲ್ಲಿ ನನ್ನನ್ನು ಸೋಲಿಸಿದ ಗಂಡಸು ಇನ್ನೂ ಹುಟ್ಟಿಲ್ಲ. ನನ್ನ ಜೊತೆ ಪಂದ್ಯಕ್ಕೆ ಯಾರೂ ಇಳಿದಿರಲಿಲ್ಲ ಎಂಬುದು ಬೇರೆ ಮಾತು.

ಹೀಗಿರುವಾಗ, ನಿಜಾಮರ ಕಾಲದ ಒಂದು ಸಂಕ್ರಾಂತಿಗೆ, ಹೈದರಾಬಾದಿನಲ್ಲಿ ಓದಿ ಬಂದಿದ್ದ ಜಾಗೀರದಾರರ ಮಗ ಕಾಗಿಣಾ ನದಿಯಲ್ಲಿ ಈಜಿನ ಪಂದ್ಯ ಇಟ್ಟ. ದೋಣಿ ನಿಲ್ಲುವ ಕಟ್ಟೆಯಿಂದ ಹೊರಟು, ಆಚೆ ದಂಡೆಯ ಕರಿಬಂಡೆ ಮುಟ್ಟಿ ತಿರುಗಿ ಬರಬೇಕು. ನಡುವೆ ಆಳದ ಮಡು. ಗೆದ್ದವನಿಗೆ ಜರಿ ರುಮಾಲು. ಆ ರುಮಾಲನ್ನು ಆತ ಕೊಂಡದ್ದು ನನ್ನ ಬಟ್ಟೆ ಅಂಗಡಿಯಲ್ಲೇ. ಅಂಥವು ನನ್ನಲ್ಲಿ ಇನ್ನೂ ಒಂದು ಗಂಟು ಇದ್ದವು. ಆದರೆ ನಾವೇ ಸುತ್ತಿಕೊಂಡ ರುಮಾಲಿಗೂ, ನಾಲ್ಕು ಜನರ ಮುಂದೆ ಇನ್ನೊಬ್ಬರು ಸುತ್ತಿದ ರುಮಾಲಿಗೂ ವ್ಯತ್ಯಾಸ ಇದೆ. ನಾನು ಹೆಸರು ಕೊಟ್ಟೆ.

"ಸಾವಕಾರ್ರ, ಈ ಥಂಡಿಯೊಳಗ ನದಿ ನೀರು ಮಾಮೂಲಿ ಅಲ್ಲ," ಎಂದ ಜಾಗೀರದಾರರ ಮಗ. "ವಿಲಾಯತಿಯೊಳಗ ಸಮುದ್ರ ಈಜೋ ಮಂದಿ ಮೈತುಂಬ ಚರ್ಬಿ ಹಚ್ಕೋತಾರ. ಅದೇ ಅವರಿಗೆ ಕೋಟು."

ನಾವು ಲಿಂಗಾಯತರು. ನಮ್ಮ ಮನೆಯಲ್ಲಿ ಪ್ರಾಣಿಯ ಕೊಬ್ಬಿನ ಹೆಸರೆತ್ತಿದರೂ ಒಲೆ ಸಾರಿಸಬೇಕು. ಆದರೂ ಬಟ್ಟೆ ವ್ಯಾಪಾರಿಯಾದ ನಾನು ಕೋಟಿಲ್ಲದೆ ಥಂಡಿಗೆ ಇಳಿಯುವುದುಂಟೆ? ಗಂಭೀರವಾಗಿ ಆಲೋಚಿಸಿದೆ. ಚರ್ಬಿ ಬೇಡ, ಕುಸುಬಿ ಎಣ್ಣೆ ಹಚ್ಚೋಣ. ಎಣ್ಣೆ ಮೈಮೇಲೆ ನಿಲ್ಲುವುದಿಲ್ಲ, ಅದಕ್ಕೆ ಜೇನುಮೇಣ ಕರಗಿಸಿ ಬೆರೆಸೋಣ. ವಿಲಾಯತಿಯವರಿಗೆ ಇದು ಹೊಳೆದಿರಲಿಲ್ಲ. ಯಾಕೆ ಹೊಳೆದಿರಲಿಲ್ಲ ಎಂದು ನಾನು ಕೇಳಿಕೊಳ್ಳಲಿಲ್ಲ.

"ಒಲಿ ಮುಂದ ಏನ್ ಮಾಡ್ಲಿಕತ್ತೀರಿ?" ಎಂದಳು ನನ್ನ ಹೆಂಡತಿ ನೀಲಮ್ಮ, ಮಗಳನ್ನು ಬಗಲಲ್ಲಿ ಎತ್ತಿಕೊಂಡು.

"ಕೋಟು."

"ಊರಾಗ ಸಿಂಪಿಗ್ಯಾರು ಸತ್ತಾರೇನ್ರಿ?"

ಮರುದಿನ ಬೆಳಿಗ್ಗೆ ಕೋಟು ತೊಟ್ಟು ಬಾವಿಗೆ ಹೋದೆ. ಫರಸಿ ಮೆಟ್ಟಿಲು, ಎಣ್ಣೆ ಕಾಲು. ಮೊದಲನೆಯ ಮೆಟ್ಟಿಲಿಗೆ ಕಾಲಿಟ್ಟದ್ದು ನೆನಪಿದೆ. ಉಳಿದ ಮೆಟ್ಟಿಲುಗಳ ಪರಿಚಯ ನನ್ನ ಬೆನ್ನಿಗೆ ಆಯಿತು. ನೀರೊಳಗಿಂದ ತಲೆ ಎತ್ತಿ ನೋಡಿದರೆ ಬಾವಿ ತುಂಬ ಎಣ್ಣೆಯ ಕಣ್ಣುಗಳು ತೇಲುತ್ತಿದ್ದವು. ಮೇಲೆ ಓಣಿಯ ಹೆಂಗಸರು ಖಾಲಿ ಕೊಡ ಹಿಡಿದು ನಿಂತಿದ್ದರು.

"ಒಗ್ಗರಣಿ ಛಲೋ ಹಾಕೀದಿ, ಯಪ್ಪಾ," ಎಂದಳು ಪಕ್ಕದ ಮನೆಯ ಮುದುಕಿ ಗುರಬಸಮ್ಮ. "ಇನ್ನ ಬ್ಯಾಳಿ ಒಂದು ಹಾಕಿಬಿಡು."

ಅವತ್ತಿನಿಂದ ಓಣಿಯವರೆಲ್ಲ ದೂರದ ಬಾವಿಗೆ ನಡೆದರು. ನನ್ನ ಹೆಸರು ಹೇಳುತ್ತಲೇ ನಡೆದರು. ನೀಲಮ್ಮನೂ ಅವರ ಜೊತೆ ಕೊಡ ಹೊತ್ತಳು, ಆದರೆ ಅವಳಿಗೆ ನೀರಿನ ಚಿಂತೆ ಇರಲಿಲ್ಲ.

"ಎಣ್ಣಿ ಮೈಮ್ಯಾಲ ಲಿಂಗ ನಿಲ್ಲೂದಿಲ್ರಿ," ಎಂದಳು. "ಜಾರಿ ಮಡುವಿನಾಗ ಬಿತ್ತಂದ್ರ?"

ಇಷ್ಟಲಿಂಗ ಮೈಬಿಟ್ಟು ಹೋಗಬಾರದು. ನಮ್ಮ ಅಜ್ಜನ ಅಣ್ಣ ಇದೇ ಕಾಗಿಣೆಯನ್ನು ಮಹಾಪೂರದಲ್ಲಿ ದಾಟುವಾಗ ಲಿಂಗ ಕಳೆದುಕೊಂಡರಂತೆ. ಮಠದ ಸ್ವಾಮಿಗಳು ಇನ್ನೊಂದು ಕಟ್ಟುತ್ತೇನೆಂದರೂ ಒಪ್ಪಲಿಲ್ಲ. ಲಿಂಗ ಹೋದ ಮೇಲೆ ಪ್ರಾಣ ಯಾಕೆ ಎಂದು ಪಡಸಾಲೆಯ ಮೂಲೆಯಲ್ಲಿ ಅನ್ನ ನೀರು ಬಿಟ್ಟು ಕುಳಿತರು. ಹಾಗೇ ಹೋದರು. ಮನೆಯವರು ಅವರ ಹೆಸರನ್ನೇ ನನಗಿಟ್ಟರು. ಆ ಮೂಲೆಯಲ್ಲಿ ಇಂದಿಗೂ ನಾವು ಏನನ್ನೂ ಇಡುವುದಿಲ್ಲ.

"ನೀವೂ ಹಂಗ ಕುಂತ್ರ ನಾ ಏನ್ ಮಾಡ್ಲಿ? ಕೂಸಿಗೆ ಹಾಲು ಕುಡಿಸ್ಕೋತ, ನೀವು ಸಾಯೂದು ನೋಡ್ಕೋತ ಕುಂದ್ರಲೇನು?"

"ಹುಚ್ಚಿ, ನಾ ಯಾಕ ಹಂಗ ಕುಂದ್ರಲಿ?" ಎಂದು ನಕ್ಕೆ. ಅವಳು ನಗಲಿಲ್ಲ. ಪಂದ್ಯದ ದಿನ ಲಿಂಗವಿಟ್ಟ ಬೆಳ್ಳಿ ಕರಡಿಗೆಗೆ ಹೊಸ ಶಿವದಾರ ಪೋಣಿಸಿ, ತಾನೇ ಕೊರಳಿಗೆ ಕಟ್ಟಿದಳು. ಗಂಟಿನ ಮೇಲೆ ಗಂಟು ಹಾಕಿ ಹಲ್ಲಿನಿಂದ ಜಗ್ಗಿದಳು. ಅವಳು ಜಗ್ಗುವಷ್ಟು ಹೊತ್ತೂ ನನಗೆ ಉಸಿರಾಡುವುದೇ ಕಷ್ಟವಾಯಿತು.

ನದಿಯ ದಂಡೆಯಲ್ಲಿ ಜನ ಎಳ್ಳು ಅರೆದು ಮೈಗೆ ಹಚ್ಚಿಕೊಂಡು ಸ್ನಾನ ಮಾಡುತ್ತಿದ್ದರು, ಸಜ್ಜೆ ರೊಟ್ಟಿಯ ಗಂಟು ಬಿಚ್ಚುತ್ತಿದ್ದರು. ಪಂದ್ಯಕ್ಕೆ ಬಂದವರೆಲ್ಲ ಅಂಬಿಗರ ಮನೆಯ ಹುರಿಯಾಳುಗಳು. ಮೈಮೇಲೆ ಲಂಗೋಟಿ ಬಿಟ್ಟರೆ ಏನಿಲ್ಲ. ನಾನು ಕೋಟು ತೊಟ್ಟು ಬಿಸಿಲಿಗೆ ಹೊಳೆಯುತ್ತ ಇಳಿದು ಬಂದೆ. ದೋಣಿಯ ಸಾಯಬಣ್ಣ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಎಣ್ಣಿ ತಂದೀರಿ ಸಾವಕಾರ್ರ. ಕಡಾಯಿ ಎಲ್ಲ್ಯದರಿ?"

ಕಡಾಯಿ ಅಲ್ಲ, ನದಿ ಮಂಜುಗಡ್ಡೆಯ ಗಡಿಗೆ ಎಂದು ನೀರಿಗೆ ಬಿದ್ದ ಮೇಲೆ ಗೊತ್ತಾಯಿತು. ಮೇಣ ಥಂಡಿಗೆ ಗಟ್ಟಿಯಾಗುತ್ತದೆ. ಮೇಣಬತ್ತಿ ಹಚ್ಚುವ ಯಾವ ಮನೆಯಲ್ಲೂ ಇದು ಗುಟ್ಟಲ್ಲ. ನನ್ನ ಮೊಣಕೈ ಸಲೀಸಾಗಿ ಮಡಚಲಿಲ್ಲ, ಕೊರಳು ತಿರುಗಲಿಲ್ಲ. ಚರ್ಮಕ್ಕೆ ಥಂಡಿ ಬಿಟ್ಟು ಬೇರೇನೂ ತಿಳಿಯಲಿಲ್ಲ. ನಾಲ್ಕು ಕೈ ಹೊಡೆದು, ರೂಢಿಯ ಪ್ರಕಾರ ಗೋಡೆ ಒದೆಯಲು ಕಾಲು ಚಾಚಿದೆ. ಗೋಡೆ ಇರಲಿಲ್ಲ. ಕಾಗಿಣೆಗೆ ಯಾರೂ ಗೋಡೆ ಕಟ್ಟಿಸಿರಲಿಲ್ಲ.

ಉಳಿದವರು ಕರಿಬಂಡೆ ಮುಟ್ಟಿ, ನನ್ನ ಪಕ್ಕದಲ್ಲೇ ತಿರುಗಿ ಹೋದರು. ನಾನು ಮಡುವಿನ ನಡುವೆ ಒಣಗಿದ ಕೊರಡಿನಂತೆ ತೇಲುತ್ತಿದ್ದೆ. ಹೋಗಲಿ, ಜೀವ ಉಳಿದರೆ ಸಾಕು ಎಂದುಕೊಂಡು ಎದೆಯ ಮೇಲೆ ಕೈ ಇಟ್ಟೆ.

ಎದೆ ಬರಿದಾಗಿತ್ತು.

ಕೊರಳು ತಡವಿದೆ. ಕೈಗೆ ಬರೀ ಮೇಣ. ದಾರ ಸಿಗಲಿಲ್ಲ. ಆಮೇಲೆ ಪಂದ್ಯ, ರುಮಾಲು, ಥಂಡಿ ಯಾವುದೂ ನೆನಪಿಲ್ಲ. ಮುಳುಗಿದೆ. ಒಳಗೆ ಕತ್ತಲೆ, ಕೈಗೆ ಸಿಕ್ಕಿದ್ದು ಕೆಸರು. ಉಸಿರು ಕಟ್ಟಿ ಮೇಲೆ ಬಂದೆ, ಮತ್ತೆ ಮುಳುಗಿದೆ. ಆ ಕೆಸರಿನಲ್ಲಿ ನನಗೆ ಪಡಸಾಲೆಯ ಮೂಲೆ ಕಾಣಿಸಿತು. ಬರಿಗೊರಳಲ್ಲಿ ನೀಲಮ್ಮನ ಮುಂದೆ ಹೇಗೆ ನಿಲ್ಲಲಿ? ಮೇಲೆ ಹೋಗುವುದೇ ಬೇಡ ಎಂದು ಒಂದು ಗಳಿಗೆ ಅನಿಸಿತು. ಇಷ್ಟು ಮಾತ್ರ ನಗುವುದಕ್ಕೆ ಬರೆದದ್ದಲ್ಲ.

ಆದರೆ ಪುಪ್ಪುಸಕ್ಕೆ ಧರ್ಮ ಗೊತ್ತಿಲ್ಲ, ಅದು ನನ್ನನ್ನು ಮೇಲಕ್ಕೆ ತಂದಿತು. ದಂಡೆಯ ಕಡೆ ನೋಡಿದೆ. ಜನವೆಲ್ಲ ನನ್ನ ಕಡೆ ಮುಖ ಮಾಡಿ, ಕೈ ತಿರುಚಿ, ತಮ್ಮ ತಮ್ಮ ಬೆನ್ನು ಬಡಿದುಕೊಳ್ಳುತ್ತಿದ್ದರು. ಜಾಗೀರದಾರರ ಮಗನೂ ಬಡಿದುಕೊಳ್ಳುತ್ತಿದ್ದ. ಕಿವಿಯಲ್ಲಿ ನೀರು, ಏನೂ ಕೇಳಿಸದು. ಮೊಹರಮ್ಮಿನಲ್ಲಿ ಎದೆ ಬಡಿದುಕೊಳ್ಳುವುದನ್ನು ನೋಡಿದ್ದೆ. ನನ್ನ ಸಾವಿಗೆ ಊರವರು ಬೇರೆಯೇ ಪದ್ಧತಿ ಹಿಡಿದಿದ್ದಾರೆ, ಅದೂ ನಾನಿನ್ನೂ ಬದುಕಿರುವಾಗಲೇ! ದುಃಖದಿಂದ ಮತ್ತೆ ಮುಳುಗಿದೆ.

ಈ ಸಲ ಮೇಲೆ ಬರಲಾಗಲಿಲ್ಲ. ಯಾರೋ ಜುಟ್ಟು ಹಿಡಿದು ಎಳೆದರು. ಸಾಯಬಣ್ಣನ ದೋಣಿ.

"ಬಿಡೋ ಸಾಯಬಣ್ಣ. ನನ್ನ ಲಿಂಗ ಹೋತು. ಇನ್ನ ನಾ ಇದ್ದು ಏನ್ ಮಾಡ್ಲಿ?"

"ಎಲ್ಲಿಗಿ ಹೋಗ್ತದರಿ? ಆವಾಗಿಂದ ನಿಮ್ಮ ಬೆನ್ನ ಮ್ಯಾಲ ಕುಂತದ. ಮಂದಿ ಎಲ್ಲ ಬೆನ್ನು ಬಡ್ಕೊಂಡು ತೋರಿಸ್ಲಿಕತ್ತದ, ನೀವು ನೋಡವಲ್ರಿ."

ಮರಗಟ್ಟಿದ ಕೈಯನ್ನು ಹೇಗೋ ಹಿಂದಕ್ಕೆ ಒಯ್ದೆ. ಎಣ್ಣೆಗೆ ಜಾರಿ ಹಿಂದೆ ಹೋಗಿದ್ದ ಕರಡಿಗೆ, ಬೆನ್ನಿನ ಎರಡು ಹೆಗಲೆಲುಬುಗಳ ನಡುವೆ ಮೇಣ ಕಚ್ಚಿಕೊಂಡು ಭದ್ರವಾಗಿ ಕುಳಿತಿತ್ತು. ದಾರವೂ ಮೇಣದಲ್ಲಿ ಹೂತುಹೋಗಿತ್ತು. ನಾನು ದೋಣಿಯಲ್ಲಿ ಕುಳಿತು ಅತ್ತೆ.

ದಂಡೆ ಹತ್ತಿರವಾದಾಗ ನೋಡಿದೆ. ನೀಲಮ್ಮ ಎದೆಮಟ್ಟ ನೀರಿನಲ್ಲಿ ನಿಂತಿದ್ದಳು. ಕೂಸು ಗುರಬಸಮ್ಮನ ಬಗಲಲ್ಲಿ ಅಳುತ್ತಿತ್ತು. ನೀಲಮ್ಮನಿಗೆ ಈಜು ಬರುವುದಿಲ್ಲ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಮಡು.

"ನೀ ಯಾಕ ನೀರಿಗಿ ಇಳಿದಿ?"

"ನೀವು ಮ್ಯಾಲ ಬರಲಿಲ್ಲ," ಎಂದಳು. ಅಷ್ಟೇ. ಅವಳ ತುಟಿ ನೀಲಿಯಾಗಿತ್ತು.

ದಂಡೆಯ ಮೇಲೆ ನನ್ನನ್ನು ಕೂಡಿಸಿ, ಉಗುರಿನಿಂದ ಮೇಣ ಕೆರೆದು, ಕರಡಿಗೆಯನ್ನು ಎದೆಯ ಮೇಲೆ ತಂದಿಟ್ಟಳು. ಹಾಕಿದ ಗಂಟು ಹಾಗೇ ಇತ್ತು. "ನಾ ಹಾಕಿದ ಗಂಟು ಬಿಚ್ಚೀತು ಅಂತ ಹ್ಯಾಂಗ ತಿಳ್ಕೊಂಡ್ರಿ?" ಎಂದಳು. ನದಿಯನ್ನು ನಂಬಿದ್ದೆ, ಮೇಣವನ್ನು ನಂಬಿದ್ದೆ, ವಿಲಾಯತಿಯನ್ನೂ ನಂಬಿದ್ದೆ. ಅವಳ ಗಂಟೊಂದನ್ನೇ ನಂಬಿರಲಿಲ್ಲ.

"ಬಗಲಾಗ ಕೂಸು, ಊರಾಗ ಡಂಗುರ," ಎಂದಳು ಗುರಬಸಮ್ಮ, ನಮ್ಮ ಕೂಸನ್ನು ಬಗಲಲ್ಲೇ ಇಟ್ಟುಕೊಂಡು.

ರುಮಾಲು ಸಾಯಬಣ್ಣನ ತಮ್ಮನಿಗೆ ಹೋಯಿತು. ಉದ್ದ ಹೆಚ್ಚಾಯಿತೆಂದು ಮರುದಿನ ಅದನ್ನು ಕತ್ತರಿಸಿಕೊಳ್ಳಲು ನನ್ನ ಅಂಗಡಿಗೇ ಬಂದ. ಅವನ ತಲೆಗೆ ನಾನೇ ಸುತ್ತಿಕೊಟ್ಟೆ. ಕೋಟು ಮಾತ್ರ ಸುಲಭಕ್ಕೆ ಬಿಡಲಿಲ್ಲ. ಬಿಸಿನೀರು, ಕಡಲೆ ಹಿಟ್ಟು ಹಾಕಿ ನೀಲಮ್ಮ ದಿನಾ ತಿಕ್ಕಿದಳು. ಮೇಣದ ಜೊತೆ ಚರ್ಮವೂ ಅಷ್ಟಿಷ್ಟು ಹೋಯಿತು.

ಈಗ ನಾನು ಬಾವಿಗೂ ಇಳಿಯುವುದಿಲ್ಲ. ಬಚ್ಚಲಲ್ಲಿ ಕುಳಿತು ಚೊಂಬಿನಿಂದ ಸ್ನಾನ ಮಾಡುತ್ತೇನೆ. ಮೊದಲ ಚೊಂಬು ಸುರಿದುಕೊಂಡು ನಾನು ಸುಮ್ಮನಾದರೆ ಸಾಕು, ಬಾಗಿಲ ಆಚೆ ಅವಳ ಬಳೆ ಸಪ್ಪಳ ನಿಲ್ಲುತ್ತದೆ.

"ಬೆನ್ನ ಮ್ಯಾಲ ನೋಡ್ರಿ," ಎನ್ನುತ್ತಾಳೆ.

ಎದೆಯ ಮೇಲೆಯೇ ಇದೆ ಎಂದು ಗೊತ್ತಿದ್ದರೂ, ನಾನು ಒಮ್ಮೆ ಬೆನ್ನು ಮುಟ್ಟಿ ನೋಡಿಕೊಳ್ಳುತ್ತೇನೆ.