ದೊಡ್ಡವರು ‘ಬಿಡಿ’ ಎಂದದ್ದು

ನಮ್ಮ ಕಂಪನಿಯ ಕಾರುಗಳು ಹಿಂದಕ್ಕೆ ಹೋಗುವುದಿಲ್ಲ. ಇದು ದೋಷವಲ್ಲ, ಇತಿಹಾಸ.

ಈ ಎರಡು ವಾಕ್ಯಗಳನ್ನು ಕಾರ್ಖಾನೆಯ ಹೆಬ್ಬಾಗಿಲಿನ ಮೇಲೆ ಹಿತ್ತಾಳೆ ಅಕ್ಷರಗಳಲ್ಲಿ ಕೂರಿಸಲಾಗಿದೆ. ರಚಿಸಿದವನು ನಾನೇ, ಹೇಳಿಕೊಳ್ಳಲು ಸಂಕೋಚವೇನಿಲ್ಲ. ನಾನು ಕಂಪನಿಯ ಇತಿಹಾಸ ವಿಭಾಗದಲ್ಲಿ ದ್ವಿತೀಯ ದರ್ಜೆ ಇತಿಹಾಸಕಾರ. ಪ್ರಥಮ ದರ್ಜೆಯವರು ನನ್ನ ಮೇಲಧಿಕಾರಿ. ವಿಭಾಗದಲ್ಲಿ ಇರುವುದು ನಾವಿಬ್ಬರೇ. ನಡೆದದ್ದನ್ನು ನಾನು ಬರೆಯುತ್ತೇನೆ, ನಡೆಯಬಾರದಿತ್ತು ಅನ್ನಿಸಿದ್ದನ್ನು ಅವರು ಹೊಡೆದುಹಾಕುತ್ತಾರೆ. ಕೆಲಸ ಸುಸೂತ್ರವಾಗಿ ಸಾಗಿದೆ.

ಐವತ್ತು ವರ್ಷಗಳ ಹಿಂದೆ (‘ಹಿಂದೆ’ ಎಂಬ ಪದವನ್ನು ಕಂಪನಿಯ ಆವರಣದಲ್ಲಿ ಬಳಸುವಂತಿಲ್ಲ, ನಮ್ಮ ವಿಭಾಗಕ್ಕೆ ಮಾತ್ರ ವಿನಾಯಿತಿ ಇದೆ) ತಗಡಿನ ಶೆಡ್ಡೊಂದರಲ್ಲಿ ಮೊದಲ ಕಾರು ಸಿದ್ಧವಾಯಿತು. ಮಾರನೆಯ ದಿನ ಅದರ ಬಿಡುಗಡೆ. ಹಿಂದಿನ ಸಂಜೆ ಗೇರ್ ಫಿಟ್ಟರ್ ರಿವರ್ಸ್ ಗೇರನ್ನು ಕೈಯಲ್ಲೇ ಹಿಡಿದುಕೊಂಡು ಸಂಸ್ಥಾಪಕರ ಕೋಣೆಗೆ ಬಂದ. ಸಂಸ್ಥಾಪಕರನ್ನು ಎಲ್ಲರೂ ದೊಡ್ಡವರು ಎನ್ನುತ್ತಿದ್ದರು. ದೊಡ್ಡವರು ಕನ್ನಡಿಯ ಮುಂದೆ ಕೂತು ಕ್ಷೌರಿಕನಿಂದ ಮೀಸೆ ತೆಗೆಸಿಕೊಳ್ಳುತ್ತಿದ್ದರು. ಗೇರು ಸಿದ್ಧವಿದೆ, ಕೂರಿಸುವುದಕ್ಕೆ ಇನ್ನೊಂದು ವಾರ ಬೇಕು, ಏನು ಮಾಡೋಣ ಎಂದು ಫಿಟ್ಟರ್ ಕೇಳಿದ.

“ಬಿಡಿ,” ಎಂದರು ದೊಡ್ಡವರು.

ಅಷ್ಟೇ. ಫಿಟ್ಟರ್ ಗೇರು ಬಿಟ್ಟ. ಕ್ಷೌರಿಕ ಮೀಸೆ ಬಿಟ್ಟ. ಅಷ್ಟು ಹೊತ್ತಿಗೆ ಎಡಗಡೆಯದು ಪೂರ್ತಿ ಹೋಗಿತ್ತು, ಬಲಗಡೆಯದು ಪೂರ್ತಿ ಇತ್ತು. ಮೂಲೆಯಲ್ಲಿದ್ದ ಗುಮಾಸ್ತ ‘ಬಿಡಿ ಎಂದು ಅಪ್ಪಣೆಯಾಯಿತು’ ಎಂದು ಬರೆದುಕೊಂಡ. ಬರೆದಾದ ಮೇಲೆ ಮುಗಿಯಿತಲ್ಲ, ಆಡಿದ ಮಾತಿಗೆ ತಪ್ಪುವ ಮನುಷ್ಯರಲ್ಲ ದೊಡ್ಡವರು. ಕೊನೆಯವರೆಗೂ ಅರ್ಧ ಮೀಸೆಯಲ್ಲೇ ಓಡಾಡಿದರು. ಅದೇ ಇವತ್ತು ನಮ್ಮ ಲಾಂಛನ, ಪ್ರತಿ ಕಾರಿನ ಮೂತಿಯ ಮೇಲೂ ಇದೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರೆ. ನಮ್ಮ ಜಟ್ಟಿಗೆ ಮಣ್ಣಾಗುವುದಕ್ಕೆ ಇದ್ದದ್ದೇ ಅರ್ಧ.

ದೊಡ್ಡವರ ಆ ಮಾತಿನ ಅರ್ಥವೇನು ಎಂಬುದರ ಮೇಲೆ ಕಂಪನಿ ಬೆಳೆದಿದೆ. ಗೇರನ್ನು ಕೈಬಿಡಿ ಎಂದರು ಅಂತ ಕಾರ್ಖಾನೆಯವರು. ಕಾರನ್ನು ಮಾರುಕಟ್ಟೆಗೆ ಬಿಡಿ ಎಂದರು ಅಂತ ಮಾರಾಟದವರು. ಅವರು ಹೇಳಲು ಹೊರಟದ್ದು ‘ಬಿಡಿಭಾಗ’ ಎಂದು, ಬಾಯಿಗೆ ಕೂದಲು ಬಿದ್ದು ಅರ್ಧಕ್ಕೇ ನಿಂತಿತು ಅಂತ ಉಗ್ರಾಣದವರು. ಮೂರು ಪಂಗಡದವರೂ ಕ್ಯಾಂಟೀನಿನಲ್ಲಿ ಬೇರೆ ಬೇರೆ ಮೇಜಿನಲ್ಲಿ ಕೂರುತ್ತಾರೆ. ಗೇರು ಮತ್ತೆ ಹಾಕೋಣ ಎಂದ ಇಂಜಿನಿಯರುಗಳೂ ಒಂದಿಬ್ಬರಿದ್ದರು. ಮುಂದಿಟ್ಟ ಹೆಜ್ಜೆ ಹಿಂದಿಡುವುದು ಕಂಪನಿಯ ಸಂಪ್ರದಾಯವಲ್ಲ ಎಂದು ಅವರಿಗೆ ತಿಳಿಸಿ, ಬೀಳ್ಕೊಡುಗೆ ಸಮಾರಂಭ ಏರ್ಪಡಿಸಲಾಯಿತು.

ಗ್ರಾಹಕರು ಹೊಂದಿಕೊಂಡಿದ್ದಾರೆ. ನಮ್ಮ ಕಾರು ಕೊಂಡವರು ಮನೆಗೆ ಹಿಂದುಗಡೆಯೂ ಒಂದು ಗೇಟು ಇಡಿಸುತ್ತಾರೆ. ಅದು ಪಕ್ಕದವರ ಅಂಗಳಕ್ಕೆ ತೆರೆದರೆ ಪಕ್ಕದವರೂ ನಮ್ಮ ಕಾರನ್ನೇ ಕೊಳ್ಳುವುದು ಎಲ್ಲರಿಗೂ ಕ್ಷೇಮ. ಗಲ್ಲಿಯಲ್ಲಿ ಸಿಕ್ಕಿಬಿದ್ದವರು ಫೋನ್ ಮಾಡಿದರೆ ನಾಲ್ಕು ಜನ ಬಂದು ಕಾರನ್ನು ಎತ್ತಿ, ತಿರುಗಿಸಿ ಇಡುತ್ತಾರೆ. ಇದಕ್ಕೆಂದೇ ಇರುವ ಎತ್ತುವಳಿ ವಿಭಾಗ ಎರಡು ಅರ್ಥದಲ್ಲೂ ಚೆನ್ನಾಗಿ ಎತ್ತುತ್ತದೆ. ಅದರ ಲಾಭ ಕಾರಿನ ಲಾಭವನ್ನು ದಾಟಿ ಬಹಳ ವರ್ಷವಾಯಿತು.

ಇನ್ನು ಆ ಫಿಟ್ಟರ್. ಅವರು ಬೇರೆ ಯಾರೂ ಅಲ್ಲ, ನಮ್ಮ ಮಾವ, ನನ್ನ ಹೆಂಡತಿಯ ತಂದೆ. ಈಗ ಎಪ್ಪತ್ತೈದು ದಾಟಿದೆ, ನಮ್ಮ ಜೊತೆಗೇ ಇದ್ದಾರೆ. ಅವತ್ತು ಕೈಯಲ್ಲಿದ್ದ ಗೇರನ್ನು ಅವರು ನಿಜವಾಗಿ ಬಿಡಲೇ ಇಲ್ಲ. ಎಣ್ಣೆಬಟ್ಟೆಯಲ್ಲಿ ಸುತ್ತಿ ಬಿಸ್ಕತ್ತಿನ ಡಬ್ಬದಲ್ಲಿ ಇಟ್ಟುಕೊಂಡಿದ್ದಾರೆ. ಭಾನುವಾರ ಬಂತೆಂದರೆ ತೆಗೆದು ಒಂದೊಂದೇ ಹಲ್ಲಿಗೆ ಎಣ್ಣೆ ಹಚ್ಚುತ್ತಾರೆ. ಮಾವನ ಬಾಯಲ್ಲಿ ಉಳಿದಿರುವುದು ನಾಲ್ಕು ಹಲ್ಲು. ಗೇರಿನ ಇಪ್ಪತ್ತೆರಡೂ ಗಟ್ಟಿಯಾಗಿವೆ. ನಮ್ಮ ಬೀದಿಯಲ್ಲಿ ದಿನಕ್ಕೊಂದು ಕಾರು ಸಿಕ್ಕಿಬೀಳುತ್ತದೆ. ಯಾವನಪ್ಪ ಇದರ ಗೇರ್ ಮಾಡಿದ್ದು, ಅವನ ಕೈ ಸೇದಿಹೋಗ ಎಂದು ಜನ ಬೈಯುವುದು ಮಾವನ ಕಿಟಕಿಗೆ ಚೆನ್ನಾಗಿ ಕೇಳಿಸುತ್ತದೆ. ಐವತ್ತು ವರ್ಷ ಇದನ್ನು ಕೇಳಿಸಿಕೊಂಡು ಬದುಕುವುದು ಸುಲಭವಲ್ಲ. ನನಗೂ ಹೊಟ್ಟೆ ಉರಿಯುತ್ತಿತ್ತು, ಕಚೇರಿ ಸಮಯದ ಹೊರಗೆ.

ಈ ವರ್ಷ ಸುವರ್ಣ ಮಹೋತ್ಸವ ಬಂತು. ಅದೇ ವಾರ ಡಾಕ್ಟರು ಮಾವನ ಎದೆ ಪರೀಕ್ಷೆ ಮಾಡಿ, ನಮ್ಮನ್ನು ಹೊರಗೆ ಕರೆದು, ಅವರಿಗೆ ಇಷ್ಟವಾದದ್ದನ್ನು ಮಾಡಿಕೊಡಿ ಎಂದರು.

ಮಾವ ಡಬ್ಬದ ಮೇಲೆ ಕೈಯಿಟ್ಟು ಹೇಳಿದರು: “ನನಗೇನೂ ಬೇಡ ಅಳಿಯಂದ್ರೇ. ಆ ಮೊದಲನೇ ಕಾರು ಒಂದೇ ಒಂದ್ಸಲ ಹಿಂದಕ್ಕೆ ಹೋಗೋದು ನೋಡ್ಬೇಕು. ಒಂದು ಮಾರು ಸಾಕು.”

ಹೆಂಡತಿ ನನ್ನ ಮುಖವನ್ನೇ ನೋಡಿದಳು. ಇಡೀ ಕಂಪನಿ ಇತಿಹಾಸ ಬರೆಯುವ ಗಂಡನಿಗೆ ಅಪ್ಪನ ಒಂದು ಗೇರು ಹಾಕಿಸಲಾಗದಿದ್ದರೆ ಆ ಪೆನ್ನನ್ನು ಒಲೆಗೆ ಹಾಕುವುದು ಮೇಲು ಎಂಬುದು ಅವಳ ಅಭಿಪ್ರಾಯವಾಗಿತ್ತು. ಅಭಿಪ್ರಾಯವನ್ನು ಅವಳು ಮೂರು ದಿನ ವ್ಯಕ್ತಪಡಿಸಿದಳು.

ನಾಲ್ಕನೆಯ ದಿನ ನಾನು ಅರ್ಜಿ ಬರೆದೆ. ಅವಸರದಲ್ಲಿ ಸಹಿ ಹಾಕುವುದನ್ನೇ ಮರೆತೆ. ಬೇರೆ ಕಡೆಯಾಗಿದ್ದರೆ ವಾಪಸ್ಸು ಬರುತ್ತಿತ್ತು. ನಮ್ಮಲ್ಲಿ ನಿಯಮ ನಾಲ್ಕು (ಕ) ಇದೆ: ‘ಕಂಪನಿಯ ಆವರಣದಲ್ಲಿ ಯಾವುದೇ ವಾಹನವನ್ನಾಗಲಿ, ಕಡತವನ್ನಾಗಲಿ, ನೌಕರನನ್ನಾಗಲಿ ಹಿಂದಕ್ಕೆ ಕಳುಹಿಸತಕ್ಕದ್ದಲ್ಲ.’ ಆದ್ದರಿಂದ ಸರಿಯಾಗಿರುವ ಅರ್ಜಿಗಳು ಕೆಳಗಿನ ಮೇಜಿನಲ್ಲೇ ಕೊಳೆಯುತ್ತವೆ, ತಪ್ಪಿರುವವು ಮೇಲೆ ಮೇಲೆ ಹೋಗುತ್ತವೆ. ಬಡ್ತಿಯ ನಿಯಮವೂ ಇದೇ. ನನ್ನ ಅರ್ಜಿ ಎರಡೇ ದಿನದಲ್ಲಿ ಅಧ್ಯಕ್ಷರ ಮೇಜು ಮುಟ್ಟಿತು.

ಅಧ್ಯಕ್ಷರು ದೊಡ್ಡವರ ಮೊಮ್ಮಗ. ಅವರಿಗೂ ಒಂದು ಕಷ್ಟ ಬಂದಿತ್ತು. ಮೊದಲ ಕಾರು ಇರುವುದು ಕಚೇರಿಯ ದೊಡ್ಡ ಹಾಲಿನಲ್ಲಿ. ಬಿಡುಗಡೆಯ ದಿನ ಬಾಗಿಲಿನಿಂದ ನೇರ ಒಳಗೆ ಓಡಿಸಿ, ಗೋಡೆಗೆ ಮೂತಿ ತಾಗಿಸಿ ನಿಲ್ಲಿಸಿದ್ದು, ಆಮೇಲೆ ಹೊರಗೆ ಬಂದಿಲ್ಲ. ಮಹೋತ್ಸವದ ಮೆರವಣಿಗೆಗೆ ಅದು ಬರಲೇಬೇಕು. ಕೈಯಿಂದ ಹಿಂದಕ್ಕೆ ತಳ್ಳೋಣ ಎಂದರೆ ನಾಲ್ಕು (ಕ) ಅಡ್ಡ. ಎತ್ತಿ ತಿರುಗಿಸೋಣ ಎಂದರೆ ಎತ್ತುವಳಿಯವರು ಅಧ್ಯಕ್ಷರಿಂದಲೂ ಶುಲ್ಕ ಕೇಳಿದರು. ಗೋಡೆ ಒಡೆದು ಮುಂದಕ್ಕೇ ಓಡಿಸೋಣ ಎಂದರೆ ಗೋಡೆಯಾಚೆ ಅಧ್ಯಕ್ಷರ ಸ್ವಂತ ಬಚ್ಚಲುಮನೆ.

ಹಾಗಾಗಿ ಮಾವನನ್ನು ಕರೆಸಿದರು. ಮಾವ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಮೂರು ಪಂಗಡದವರೂ ಸುತ್ತ ನಿಂತಿದ್ದರು.

“ತಾತ, ಅವತ್ತು ನಮ್ಮಜ್ಜ ‘ಬಿಡಿ’ ಅಂದಾಗ ಯಾರ ಮುಖ ನೋಡ್ತಿದ್ರು?” ಎಂದು ಕೇಳಿದರು ಅಧ್ಯಕ್ಷರು.

“ಅವರದ್ದೇ ಸಾರ್. ಕನ್ನಡೀಲಿ.”

ಇದರಿಂದ ಮೀಸೆಯನ್ನು ಬಿಡಿ ಎಂದರು ಅನ್ನುವವರಿಗೆ ಕ್ಯಾಂಟೀನಿನಲ್ಲಿ ನಾಲ್ಕನೆಯ ಮೇಜು ಹಾಕಬೇಕಾಯಿತು, ಅದು ಬೇರೆ ವಿಷಯ. ಗೇರು ಹಾಕಲು ಅಧ್ಯಕ್ಷರು ಒಪ್ಪಿದರು. ಆದರೆ ಹಿಂದಕ್ಕೆ ಹೋಗದ ಕಂಪನಿಯ ಕಾರು ಹಿಂದಕ್ಕೆ ಹೋದರೆ ಹಿತ್ತಾಳೆ ಅಕ್ಷರಗಳ ಗತಿಯೇನು? ಇಲ್ಲಿ ನನ್ನ ಮೇಲಧಿಕಾರಿಯವರ ಅನುಭವ ಕೆಲಸಕ್ಕೆ ಬಂತು. ಅವರು ಕನ್ನಡಕ ಒರೆಸಿಕೊಂಡು, ಹಿಂದಕ್ಕೆ ಎನ್ನುವುದು ಕಾರಿನ ಬೆನ್ನಿರುವ ಕಡೆಗಲ್ಲವೇ, ಬೆನ್ನನ್ನೇ ಮುಖ ಮಾಡಿದರಾಯಿತು ಎಂದರು. ಸಂಜೆಯೇ ಪ್ರಕಟಣೆ ಹೊರಟಿತು:

‘ಮೊದಲ ಕಾರಿನ ಹಿಂಭಾಗವನ್ನು ಇಂದಿನಿಂದ ಮುಂಭಾಗವೆಂದು ಘೋಷಿಸಲಾಗಿದೆ. ಸಂಬಂಧಪಟ್ಟವರು ಆ ಕಡೆಗೆ ನಿಂತು ನಮಸ್ಕರಿಸತಕ್ಕದ್ದು.’

ದೀಪಗಳನ್ನು ಬಿಚ್ಚಿ ಈ ಕಡೆಗೆ ಹಾಕಿದರು. ಅರ್ಧ ಮೀಸೆಯನ್ನು ಕಿತ್ತು ಡಿಕ್ಕಿಯ ಮೇಲೆ ಅಂಟಿಸಿದರು. ಸೀಟು ತಿರುಗಿಸಲು ಸಮಯ ಸಾಲದ್ದರಿಂದ ಕುತ್ತಿಗೆಯನ್ನೇ ತಿರುಗಿಸಿ ಕೂರುವಂತೆ ಡ್ರೈವರನಿಗೆ ಆದೇಶವಾಯಿತು. ಮಾವ ತಾವೇ ಕಾರಿನ ಕೆಳಗೆ ಮಲಗಿದರು. ಬೇಡ ಎಂದರೆ ಕೇಳಲಿಲ್ಲ. ಐವತ್ತು ವರ್ಷದ ಗೇರು ಒಂದೇ ಸಲಕ್ಕೆ ಕೂತಿತು. ಹೊರಗೆ ಬಂದಾಗ ಅವರ ಮುಖದಲ್ಲಿ ಗ್ರೀಸು, ಕಣ್ಣಲ್ಲಿ ನೀರು. ನನ್ನ ಹೆಂಡತಿ ಸೆರಗಿನಿಂದ ಎರಡನ್ನೂ ಒರೆಸಿದಳು.

ಕಾರು ಒಮ್ಮೆ ಕೆಮ್ಮಿ, ನಡುಗಿ, ಗೋಡೆಯಿಂದ ಬಿಡಿಸಿಕೊಂಡು ಬಾಗಿಲಿನ ಕಡೆ ಹೋಯಿತು. ಮುಂದೆ ಹೋಯ್ತು, ಮುಂದೆ ಹೋಯ್ತು ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಮಾವ ಮಾತ್ರ ಎರಡು ಕೈಯನ್ನೂ ಎದೆಯ ಮೇಲಿಟ್ಟುಕೊಂಡು ನೋಡುತ್ತ ನಿಂತಿದ್ದರು. ಆಮೇಲೆ ಮೇಲಧಿಕಾರಿಯವರು ಒಂದು ಕಾಗದ ತಂದು ಮಾವನ ಮುಂದಿಟ್ಟರು. ಕಾರು ಮುಂದಕ್ಕೆ ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ ಎಂಬ ಪ್ರಮಾಣಪತ್ರ. ಮಾವ ನನ್ನನ್ನು ನೋಡಿದರು. ಅದನ್ನು ಬರೆದವನು ನಾನೇ. ನಾನು ನೆಲ ನೋಡಿದೆ. ಅವರು ಸಹಿ ಹಾಕಿದರು.

ಅಂದು ಮನೆಗೆ ಬಂದು ಕೇಳಿದೆ: “ಮಾವ, ಆಸೆ ತೀರ್ತಲ್ಲ? ಹಿಂದಕ್ಕೆ ಹೋಯ್ತಲ್ಲ?”

“ಎಲ್ಲಿ ಹೋಯ್ತು ಅಳಿಯಂದ್ರೇ,” ಎಂದರು ಮಾವ. “ನಾನೇ ಸೈನ್ ಹಾಕಿದೀನಲ್ಲ.”

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನೀವು ಎಂದು ಹೆಂಡತಿ ಬೈದಳು, ಬೈದು ಊಟಕ್ಕೆ ಬಡಿಸಿದಳು.

ಮೆರವಣಿಗೆ ಮುಗಿದ ಮೇಲೆ ಕಾರನ್ನು ಊರೆಲ್ಲ ಸುತ್ತಿಸಿ, ಹಾಲಿನೊಳಕ್ಕೆ ಓಡಿಸಿ, ಹೊಸ ಮೂತಿಯನ್ನು ಗೋಡೆಗೆ ತಾಗಿಸಿ ನಿಲ್ಲಿಸಲಾಗಿದೆ. ಮುಂಭಾಗ ಬದಲಾದದ್ದರಿಂದ ಹಳೆಯ ಮೂರು ಗೇರುಗಳು ಈಗ ಕಾರನ್ನು ಹಿಂದಕ್ಕೆ ಒಯ್ಯುತ್ತವೆ ಎಂಬುದು ಪರಿಶೀಲನೆಯಲ್ಲಿ ಕಂಡುಬಂತು. ನಾಲ್ಕು (ಕ) ಪ್ರಕಾರ ಅವನ್ನು ಬಿಚ್ಚಿಸಲಾಯಿತು. ಬಿಚ್ಚಿದ್ದನ್ನು ಏನು ಮಾಡುವುದೆಂದು ಅಧ್ಯಕ್ಷರನ್ನು ಕೇಳಿದಾಗ ಅವರು ಫೋನಿನಲ್ಲಿದ್ದರು. ‘ಬಿಡಿ’ ಎಂದರು. ನಾನು ಬರೆದುಕೊಂಡೆ.

ಮೂರು ಗೇರೂ ಈಗ ಮಾವನ ಡಬ್ಬದಲ್ಲಿವೆ. ಭಾನುವಾರ ತೆಗೆದು ಎಣ್ಣೆ ಹಚ್ಚುತ್ತಾರೆ. ಕೈ ನಡುಗುವುದರಿಂದ ಎರಡು ವಾರದಿಂದ ನಾನೂ ಪಕ್ಕದಲ್ಲಿ ಕೂತು ಕಲಿಯುತ್ತಿದ್ದೇನೆ. ಶತಮಾನೋತ್ಸವಕ್ಕೆ ಬೇಕಾಗುತ್ತವೆ, ತುಕ್ಕು ಹಿಡಿಸಬೇಡಿ ಎಂದಿದ್ದಾರೆ ಮಾವ.