ಹದಿನೇಳನೇ ಇಲಿಯ ಹಾಸಿಗೆ

ಬೆಳಿಗ್ಗೆ ಎದ್ದು ನೋಡಿದರೆ ಇಲಿಯಪ್ಪನ ಹೆಬ್ಬೆರಳಿನಲ್ಲಿ ಸೂಜಿ ಚುಚ್ಚಿದ ಗುರುತಿತ್ತು. ಯಾವಾಗ ಚುಚ್ಚಿತು ಎನ್ನುವುದು ಮಾತ್ರ ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಬೆರಳು ಚೀಪಿ ಸುಮ್ಮನಾಗುತ್ತಿದ್ದರು. ಇವನೋ ಪ್ರಯೋಗಾಲಯದಲ್ಲಿ ಇಲಿಗಳನ್ನು ನೋಡಿಕೊಳ್ಳುವವನು. ಇಲಿಯಪ್ಪ ಎಂಬ ಅಡ್ಡಹೆಸರು ಬಂದದ್ದೇ ಹಾಗೆ. ಅಲ್ಲಿ ನಡೆಯುತ್ತಿದ್ದದ್ದು ನೆನಪು ಅಳಿಸುವ ಮದ್ದಿನ ಪರೀಕ್ಷೆ. ಇಲಿಯನ್ನು ಎರಡು ಕೋಣೆಯ ಪೆಟ್ಟಿಗೆಗೆ ಬಿಡುತ್ತಾರೆ. ಕತ್ತಲೆ ಕೋಣೆಗೆ ನುಗ್ಗಿದರೆ ಕಾಲಿಗೆ ಸಣ್ಣಗೆ ಕರೆಂಟು ಹೊಡೆಯುತ್ತದೆ. ಕೂಡಲೇ ಮದ್ದು ಚುಚ್ಚಿದರೆ ಆ ಹೊತ್ತಿನ ಹಿಂದುಮುಂದಿನ ಒಂದು ಗಂಟೆಯ ನೆನಪು ಅಳಿಸಿಹೋಗಿ, ಮರುದಿನ ಅದು ಎಲ್ಲ ಮರೆತು ಮತ್ತೆ ಅದೇ ಕತ್ತಲೆಗೆ ನುಗ್ಗುತ್ತದೆ. ಚುಚ್ಚದಿದ್ದರೆ ಹೆದರಿ ಹೊಸ್ತಿಲಲ್ಲೇ ನಿಲ್ಲುತ್ತದೆ.

ನಿನ್ನೆ ಕೊನೆಗೆ ಮದ್ದು ಕೊಡಬೇಕಿದ್ದದ್ದು ಹದಿನೇಳನೇ ಇಲಿಗೆ. ಅದಕ್ಕೆ ಕೊಟ್ಟೆನೋ, ನನಗೇ ಚುಚ್ಚಿಕೊಂಡೆನೋ? ಒಂಬತ್ತು ವರ್ಷ ದಿನಗೂಲಿ ಮಾಡಿದ ಮೇಲೆ ಕೆಲಸ ಕಾಯಂ ಆಗುವ ಹೊತ್ತು ಇದು. ಪರೀಕ್ಷೆ ನಡೆಸುವ ಡಾಕ್ಟರಮ್ಮನಿಗೆ ಗೊತ್ತಾದರೆ ಎಲ್ಲ ಮುಗಿಯಿತು. ಬಾಯಿ ಬಿಡಬಾರದೆಂದುಕೊಂಡು ಪ್ರಯೋಗಾಲಯಕ್ಕೆ ಬಂದು ಏಪ್ರನ್ ಹಾಕಿಕೊಂಡ. ದಿನವೂ ಮಾಡುವ ಹಾಗೆ ಜೇಬಿನಲ್ಲಿದ್ದ ರದ್ದಿ ಕಾಗದವನ್ನೆಲ್ಲ ನೋಡದೆಯೇ ಹರಿದು ಗೂಡುಗಳಿಗೆ ಹಾಸಿದ. ಹದಿನೇಳನೇ ಇಲಿ ಆ ಚೂರುಗಳ ಮೇಲೆ ಕೂತು ಅವನನ್ನೇ ದಿಟ್ಟಿಸಿತು.

"ಏನಪ್ಪಾ, ಇವತ್ತು ನಗು ಇಲ್ಲ?" ಎಂದಳು ಕಸ ಗುಡಿಸುವ ಅಕ್ಕ. "ನಿನ್ನೆ ಕಾರಿಡಾರಲ್ಲಿ ಒಬ್ಬನೇ ಗೋಡೆ ನೋಡ್ಕೊಂಡು ನಗ್ತಿದ್ದೆ."

"ನಾನಾ?"

"ಮತ್ತೆ ನಾನಾ? ಭಯ ಆಗಿ ಪೊರಕೆ ಬಿಟ್ಟು ಓಡಿದೆ."

ಇಲಿಯಪ್ಪ ಹೆಬ್ಬೆರಳನ್ನು ಏಪ್ರನ್ನಿನ ಅಡಿ ಮುಚ್ಚಿಕೊಂಡ. ಅಷ್ಟರಲ್ಲಿ ಗುಮಾಸ್ತ ಹತ್ತಿರ ಬಂದು ದನಿ ತಗ್ಗಿಸಿದ. "ಮನೇಲಿ ಎಲ್ಲ ಚೆನ್ನಾಗಿದಾರೇನ್ರೀ? ನಿನ್ನೆ ನನ್ನ ತಬ್ಕೊಂಡು ಗಳಗಳ ಅತ್ರಿ. ಒಂದು ಮಾತೂ ಆಡ್ದೆ ಹೋಗ್ಬಿಟ್ರಿ. ನನ್ನ ಅಂಗಿಯೆಲ್ಲ ಒದ್ದೆ."

ಹೆಂಡತಿಗೆ ಫೋನ್ ಮಾಡಿದ. "ನಿನ್ನೆ ಫೋನಲ್ಲಿ 'ಇನ್ನು ನಮ್ಮ ಕಷ್ಟ ಎಲ್ಲ ಮುಗೀತು ಕಣೇ' ಅಂದ್ರಿ. ಮನೆಗೆ ಬಂದ್ಮೇಲೆ ಕೇಳಿದ್ರೆ ಮಿಕಮಿಕ ನೋಡಿದ್ರಿ. ಅದೇನ್ ಮಾತೂಂದ್ರೆ? ನಿಮ್ಮ ಪಕ್ಕ ಮಲಗೋಕೇ ಹೆದರಿಕೆ ಆಯ್ತು."

ತನ್ನೊಳಗೆ ಬೇರೆ ಯಾರೋ ಒಂದು ಗಂಟೆ ಓಡಾಡಿ ಹೋಗಿದ್ದಾರೆ ಎನ್ನಿಸಿ ಇಲಿಯಪ್ಪನಿಗೆ ತನ್ನ ಕೈಕಾಲು ನೋಡಿಕೊಳ್ಳಲೂ ಭಯವಾಯಿತು.

ಮೂರು ಗಂಟೆಗೆ ಡಾಕ್ಟರಮ್ಮ ಹದಿನೇಳನೇ ಇಲಿಯನ್ನು ಪೆಟ್ಟಿಗೆಗೆ ಬಿಡಿಸಿದರು. ಅದು ಕತ್ತಲೆ ಕೋಣೆಯ ಹೊಸ್ತಿಲವರೆಗೆ ಹೋಗಿ ನಿಂತಿತು. ತಿರುಗಿ ಅವನ ಮುಖ ನೋಡಿತು. ಅಂದರೆ ಇಲಿಗೆ ಎಲ್ಲ ನೆನಪಿದೆ, ಮದ್ದು ಹೋಗಿದ್ದು ತನಗೇ! ಇಲಿಯನ್ನು ಗೂಡಿಗೆ ಸೇರಿಸಿ ಬಂದವನಿಗೆ ಇನ್ನು ತಡೆದುಕೊಳ್ಳಲಾಗಲಿಲ್ಲ.

"ಅಮ್ಮಾ, ತಪ್ಪಾಯ್ತು. ಸೂಜಿ ನನ್ನ ಬೆರಳಿಗೆ ಚುಚ್ಚಿದೆ. ಹೊಟ್ಟೆ ಮೇಲೆ ಹೊಡೀಬೇಡಿ."

ಡಾಕ್ಟರಮ್ಮ ಕನ್ನಡಕ ತೆಗೆದರು. "ಇದನ್ನೇ ನಿನ್ನೆ ಬಂದು ಹೇಳಿದ್ರಲ್ಲ. ಮದ್ದು ಯಾರಿಗೆ ಸೇರಿತು ಅಂತ ನೋಡೋಕೇ ಇವತ್ತು ಇಲೀನ ಬಿಡಿಸಿದ್ದು. ಮುಚ್ಚಿಡದೆ ನಿಜ ಹೇಳಿದ್ರಿ ಅಂತ ಖುಷಿಯಾಗಿ ನಿಮ್ಮ ಕಾಯಂ ಆದೇಶಕ್ಕೆ ಅಲ್ಲೇ ಹಸಿರು ಶಾಯೀಲಿ ಸಹಿ ಹಾಕಿ ಕೊಟ್ಟೆ."

ನಗು, ಅಳು, ಫೋನು, ಎಲ್ಲದರ ಅರ್ಥ ಒಮ್ಮೆಲೇ ಹೊಳೆಯಿತು. ಇಲಿಯಪ್ಪನ ಕಣ್ಣು ತುಂಬಿತು.

"ಐದರೊಳಗೆ ಕಚೇರಿಗೆ ಕೊಟ್ಬಿಡಿ. ಮೇಲಿಂದ ಬಂದಿರೋದು ಒಂದೇ ಪ್ರತಿ, ಇವತ್ತೇ ಕೊನೇ ದಿನ. ಏಪ್ರನ್ ಜೇಬಿಗೆ ಹಾಕ್ಕೊಂಡಿದ್ರಲ್ಲ?"

ಇಲಿಯಪ್ಪ ಜೇಬಿಗೆ ಕೈ ಹಾಕಿದ. ಬರಿದಾಗಿತ್ತು. ಮರುಕ್ಷಣ ಗೂಡಿನ ಕಡೆ ಓಡಿದ.

ಹದಿನೇಳನೇ ಇಲಿ ಬೆಚ್ಚಗೆ ಮಲಗಿತ್ತು. ತಲೆಯ ಬಳಿ ಹಸಿರು ಶಾಯಿಯ ಅರ್ಧ ಸಹಿ. ಹೊಟ್ಟೆಯಡಿಯ ಚೂರಿನಲ್ಲಿ 'ಕಾಯಂ' ಎಂಬ ಪದ ಮಾತ್ರ ಇಡಿಯಾಗಿ ಉಳಿದಿತ್ತು. ಅವನು ಕೈ ಚಾಚಿದ. ಇಲಿ ಅವನ ಹೆಬ್ಬೆರಳನ್ನೊಮ್ಮೆ ನೋಡಿ, ಆ ಚೂರನ್ನು ಬಾಯಲ್ಲಿ ಕಚ್ಚಿಕೊಂಡು ಇನ್ನಷ್ಟು ಒಳಗೆ ಸರಿಯಿತು.