ಹಸ್ತದಂಡವೂ ಅತ್ತೆಯ ಬೆನ್ನೂ

ಮನುಷ್ಯನ ಬೆನ್ನಿನ ಮೇಲೆ ಅವನದೇ ಕೈಗೆ ಎಟುಕದ ಒಂದು ಜಾಗ ಇರುತ್ತದೆ. ಮೇಲಿನಿಂದ ಕೈ ಹಾಕಿದರೆ ನಾಲ್ಕು ಬೆರಳು ಕಡಿಮೆ, ಕೆಳಗಿನಿಂದ ಹಾಕಿದರೆ ಒಂದು ಗೇಣು ಕಡಿಮೆ. ಆ ದಿನ ಬೆಳಿಗ್ಗೆ ಎಂಟೂವರೆಗೆ, ಮ್ಯೂಸಿಯಮ್ಮಿನ ಮೂರನೆಯ ಕೋಣೆಯಲ್ಲಿ ಧೂಳು ಒರೆಸುತ್ತ ಒಬ್ಬನೇ ನಿಂತಿದ್ದ ಟೆಂಪರರಿಗೆ ಸರಿಯಾಗಿ ಆ ಜಾಗದಲ್ಲೇ ನವೆ ಶುರುವಾಯಿತು.

ಟೆಂಪರರಿ ಎಂಬುದು ಅವನ ಹೆಸರಲ್ಲ, ಅವಸ್ಥೆ. ಆರು ವರ್ಷದಿಂದ ಅವನು ಅಲ್ಲಿ ಹಂಗಾಮಿ ಗುಮಾಸ್ತ. ಮೊದಲು ಆಫೀಸಿನವರು ಹಾಗೆ ಕರೆದರು, ಆಮೇಲೆ ಬೀದಿಯವರು, ಕೊನೆಗೆ ಮನೆಯಲ್ಲಿ ಹೆಂಡತಿಯ ತಾಯಿಯೂ. "ನಮ್ಮ ಟೆಂಪರರಿ ಅಳಿಯಂದ್ರು ಊಟಕ್ಕೆ ಬಂದ್ರಾ?" ಎಂದು ಅತ್ತೆ ಕೇಳುವಾಗ ಆ ಬಹುವಚನದಲ್ಲಿ ಗೌರವಕ್ಕಿಂತ ಗುದ್ದೇ ಹೆಚ್ಚಿರುತ್ತಿತ್ತು. ಆದರೆ ಇವತ್ತಿಗೆ ಅದೆಲ್ಲ ಮುಗಿಯುವುದಿತ್ತು. ಕಾರ್ಯಕ್ರಮ ಸುಸೂತ್ರವಾಗಿ ನಡೆದರೆ ಸಂಜೆಯೇ ಪರ್ಮನೆಂಟ್ ಆರ್ಡರು ಕೊಡುತ್ತೇನೆ ಎಂದು ಡೈರೆಕ್ಟರು ಮಾತು ಕೊಟ್ಟಿದ್ದರು. ಆ ಖುಷಿಗೇ ಅವನು ಗಂಜಿ ಹಾಕಿ ಇಸ್ತ್ರಿ ಮಾಡಿದ ಹೊಸ ಶರ್ಟು ತೊಟ್ಟು ಬಂದಿದ್ದ. ನವೆಗೆ ಮೂಲ ಆ ಶರ್ಟೇ.

ಕಾರ್ಯಕ್ರಮವೆಂದರೆ ವರ್ಚುವಲ್ ಮ್ಯೂಸಿಯಂ ಉದ್ಘಾಟನೆ. ಐದು ದೇಶಗಳ ಮ್ಯೂಸಿಯಮ್ಮುಗಳು ಸೇರಿ, ತಮ್ಮ ತಮ್ಮಲ್ಲಿರುವ ಒಂದೇ ತೆರನ ಹಳೆಯ ವಸ್ತುಗಳನ್ನು ಕಂಪ್ಯೂಟರಿನೊಳಗೆ ಒಂದೇ ಸೂರಿನಡಿ ಇಡುವ ಯೋಜನೆ ಅದು. ಜನ ಮನೆಯಲ್ಲೇ ಕುಳಿತು, ಚಪ್ಪಲಿ ಕೂಡ ಮೆಟ್ಟದೆ, ಐದು ದೇಶಗಳ ಕೋಣೆಗಳಲ್ಲಿ ಅಡ್ಡಾಡಬಹುದು. ಮೊದಲ ದಿನದ ಆಕರ್ಷಣೆ ಹಸ್ತದಂಡ. ಮೊಳದುದ್ದದ ಕಪ್ಪು ಮರದ ಕೋಲು, ತುದಿಯಲ್ಲಿ ಬೆರಳುಗಳು ಒಳಕ್ಕೆ ಬಾಗಿದ ಪುಟ್ಟ ಅಂಗೈ. ಇಂಥದೊಂದು ಐದೂ ದೇಶಗಳಲ್ಲಿ ಸಿಕ್ಕಿತ್ತು. ಯಾತಕ್ಕೆ ಬಳಸುತ್ತಿದ್ದರು ಎಂಬುದು ಮಾತ್ರ ಯಾವ ದೇಶಕ್ಕೂ ಗೊತ್ತಿರಲಿಲ್ಲ. "ರಾಜಾಧಿಕಾರದ ಸಂಕೇತವಿರಬಹುದು" ಎಂದು ಗಾಜಿನ ಪೆಟ್ಟಿಗೆಯ ಮೇಲೆ ಚೀಟಿ ಅಂಟಿಸಿದ್ದರು. ಡೈರೆಕ್ಟರಂತೂ ಅದರ ಹತ್ತಿರ ಯಾರನ್ನೂ ಬಿಡುತ್ತಿರಲಿಲ್ಲ. "ಹನ್ನೊಂದು ವರ್ಷದಿಂದ ಅದನ್ನ ಸ್ವಂತ ಮನೇ ವಸ್ತು ಥರ ಕಾಪಾಡಿದ್ದೀನಿ" ಎನ್ನುತ್ತಿದ್ದರು.

ಟೆಂಪರರಿ ಗೋಡೆಗೆ ಬೆನ್ನು ಉಜ್ಜಿದ. ಗೋಡೆ ನುಣುಪಾಗಿತ್ತು. ಸ್ಕೇಲು ತುರುಕಿದ. ಅದು ಬಳುಕಿತು. ಒರೆಸಲೆಂದು ಪೆಟ್ಟಿಗೆ ತೆರೆದೇ ಇತ್ತು. ಹಸ್ತದಂಡ ಐದು ಬೆರಳು ಬಾಗಿಸಿ "ಬಾ" ಎಂದು ಕರೆಯುತ್ತಿತ್ತು. ಆಚೀಚೆ ನೋಡಿ ಅವನು ಅದನ್ನು ಕಾಲರಿನೊಳಗೆ ಇಳಿಸಿದ.

ಆಹಾ! ನಾಲ್ಕು ದೇಶಗಳ ಪಂಡಿತರಿಗೆ ಹೊಳೆಯದ ಸತ್ಯ ಅವನ ಬೆನ್ನಿಗೆ ಒಂದೇ ಎಳೆತಕ್ಕೆ ಹೊಳೆಯಿತು. ಎರಡನೆಯ ಎಳೆತ ಇನ್ನೂ ಸುಖವಾಗಿತ್ತು. ಮೂರನೆಯದಕ್ಕೆ "ಲಟಕ್" ಎಂದಿತು. ಹಿಡಿ ಕೈಯಲ್ಲಿ ಉಳಿಯಿತು, ಅಂಗೈ ಶರ್ಟಿನೊಳಗೆ ಜಾರಿ ಸೊಂಟದ ಹತ್ತಿರ ಸಿಕ್ಕಿಕೊಂಡಿತು.

ಟೆಂಪರರಿಯ ಆರು ವರ್ಷದ ಕನಸು ಎರಡು ತುಂಡಾಗಿತ್ತು. ತುಂಡುಗಳನ್ನು ಟಿಫಿನ್ ಡಬ್ಬಿಗೆ ಹಾಕಿ ಮುಚ್ಚಳ ಒತ್ತುವಾಗ, ಇಂಥದೇ ವಸ್ತುವನ್ನು ತಾನು ದಿನಾ ನೋಡುತ್ತೇನಲ್ಲ ಎಂದು ತಟ್ಟನೆ ನೆನಪಾಯಿತು. ಅತ್ತೆಯ ದಿಂಬಿನಡಿಯ ಬೆನ್ನು ಕೆರೆಯುವ ಕೋಲು! ಅದೇ ಕಪ್ಪು, ಅದೇ ಉದ್ದ, ಅದೇ ಐದು ಬೆರಳು.

ಸೈಕಲ್ ಹತ್ತಿ ಮನೆಗೆ ಹಾರಿದ. ಹೆಂಡತಿ ಕೆಲಸಕ್ಕೆ ಹೋಗಿದ್ದಳು. ಅತ್ತೆ ಬಚ್ಚಲುಮನೆಯಲ್ಲಿದ್ದರು. ಕೋಲು ದಿಂಬಿನಡಿಯೇ ಇತ್ತು, ಕತ್ತಲಲ್ಲೂ ಗುರುತು ಸಿಗಲೆಂದು ಹಿಡಿಗೆ ನೀಲಿ ದಾರ ಸುತ್ತಿದ್ದರು. ದಾರ ಬಿಚ್ಚಲು ಹೊತ್ತಿರಲಿಲ್ಲ. ಯಾರ ಕಣ್ಣಿಗೂ ಬೀಳದಿರಲೆಂದು ಕೋಲನ್ನು ಪ್ಯಾಂಟಿನ ಕಾಲಿನೊಳಗೆ ಇಳಿಸಿಕೊಂಡು, ಒಂದೇ ಕಾಲಲ್ಲಿ ಪೆಡಲು ತುಳಿಯುತ್ತ ವಾಪಸಾದ.

ಗೇಟಿನಲ್ಲಿ ವಾಚ್‌ಮನ್ ಕುಳಿತಿದ್ದ. ಅವನು ಪರ್ಮನೆಂಟು. ಹಾಗಾಗಿ ಟೆಂಪರರಿಯ ಸಕಲ ವಿಚಾರಗಳಲ್ಲೂ ಮೂಗು ತೂರಿಸುವ ಹಕ್ಕು ತನಗಿದೆ ಎಂದುಕೊಂಡಿದ್ದ.

"ಏನ್ರೀ ಟೆಂಪರರಿ, ಕಾಲು ಹಿಂಗೆ ಕಂಬದ ಥರ ಇಡ್ತಿದ್ದೀರಿ?"

"ಏನಿಲ್ಲ, ಸ್ವಲ್ಪ ಉಳುಕಿದೆ."

"ಉಳುಕಾ! ಮೊದಲೇ ಹೇಳಬಾರ್ದಾ? ಉಳುಕು ತೆಗೆಯೋದ್ರಲ್ಲಿ ನಾನು ಎತ್ತಿದ ಕೈ."

ಬೇಡ ಬೇಡ ಎನ್ನುವಷ್ಟರಲ್ಲಿ ವಾಚ್‌ಮನ್ ಅವನ ಮಂಡಿಯನ್ನು ಗಟ್ಟಿಯಾಗಿ ಹಿಡಿದ. ಬಟ್ಟೆಯೊಳಗೆ ಬೆರಳಿಗೆ ಏನೇನೋ ಸಿಕ್ಕಿತು. ಅವನ ಮುಖ ಬಿಳಿಚಿಕೊಂಡಿತು.

"ಅಯ್ಯಯ್ಯೋ, ಇದು ಉಳುಕಲ್ಲ ಕಣ್ರೀ! ಮೂಳೆ ಒಡೆದು ಐದು ಚೂರು ಹೊರಗೆ ಬಂದುಬಿಟ್ಟಿದೆ! ನೀವು ಹೆಂಗ್ರೀ ನಿಂತಿದ್ದೀರಿ?"

"ಅಭ್ಯಾಸ ಆಗಿದೆ" ಎಂದು ಟೆಂಪರರಿ ಕುಂಟುತ್ತ ಒಳಗೆ ಓಡಿದ. ಹಿಂದೆ ವಾಚ್‌ಮನ್ ಫೋನು ತೆಗೆದು ಅವನ ಮನೆಗೆ ಸುದ್ದಿ ಮುಟ್ಟಿಸುತ್ತಿದ್ದುದನ್ನು ಅವನು ನೋಡಲಿಲ್ಲ.

ಹನ್ನೊಂದು ಗಂಟೆಗೆ ಮೂರನೆಯ ಕೋಣೆಯ ದೊಡ್ಡ ಪರದೆಯ ಮೇಲೆ ನಾಲ್ಕು ಕಿಟಕಿಗಳು ತೆರೆದುಕೊಂಡವು. ಒಂದೊಂದರಲ್ಲಿ ಒಂದೊಂದು ದೇಶದ ಪಂಡಿತರು: ಬಿಳಿ ಗಡ್ಡದವರು, ದಪ್ಪ ಕನ್ನಡಕದ ಹೆಂಗಸು, ಬೋಳುತಲೆಯವರು, ಮತ್ತೆ ಕ್ಯಾಮೆರಾ ಸರಿಯಾಗಿ ಇಟ್ಟುಕೊಳ್ಳಲು ಬಾರದೆ ಬರೀ ಹಣೆ ಕಾಣಿಸುತ್ತಿದ್ದ ಒಬ್ಬರು. ಯಾರು ಯಾವ ಭಾಷೆಯಲ್ಲಿ ಮಾತಾಡಿದರೂ ಭಾಷಾಂತರ ಯಂತ್ರವೊಂದು ಅದನ್ನು ಎಲ್ಲರ ಭಾಷೆಯಲ್ಲೂ ಬರೆದು ತೋರಿಸುತ್ತಿತ್ತು. ಯಂತ್ರದ ಉಸ್ತುವಾರಿ ಕಂಪ್ಯೂಟರ್ ಮೇಡಂ ಅವರದು.

ಡೈರೆಕ್ಟರು ಪೆಟ್ಟಿಗೆಯಿಂದ ಕೋಲನ್ನು ಎತ್ತಿದರು. ಎತ್ತಿದವರು ಒಂದು ಗಳಿಗೆ ಅದನ್ನೇ ನೋಡಿದರು, ಆಮೇಲೆ ಟೆಂಪರರಿಯನ್ನು ನೋಡಿದರು. ಅವರು ಕೆಮ್ಮಿ, ಕ್ಯಾಮೆರಾದ ಮುಂದೆ ಹಿಡಿದರು.

"ಬೆರಳುಗಳು ಬಾಗಿವೆ. ಇದು ಪ್ರಜೆಗಳನ್ನು ಹರಸುವ ಭಂಗಿ" ಎಂದರು ಬಿಳಿ ಗಡ್ಡದವರು, ಯಂತ್ರದ ಮೂಲಕ.

"ಅಲ್ಲ. ತೆರಿಗೆ ಕೇಳುವ ಭಂಗಿ" ಎಂದಿತು ದಪ್ಪ ಕನ್ನಡಕ.

"ನಿಮ್ಮ ದಂಡದಲ್ಲಿ ನೀಲಿ ದಾರವಿದೆ! ನಮ್ಮ ಯಾವುದರಲ್ಲೂ ಇಲ್ಲ. ನಿಸ್ಸಂದೇಹವಾಗಿ ರಾಜಮನೆತನದ್ದು" ಎಂದು ಬೋಳುತಲೆಯವರು ಕುರ್ಚಿಯ ಅಂಚಿಗೆ ಬಂದರು. ಹಣೆಯವರು ನೆರಿಗೆ ಮೂಡಿಸಿ ಒಪ್ಪಿದರು.

ಟೆಂಪರರಿ ಆಗಲೇ ಉಸಿರು ಬಿಟ್ಟ. ಇನ್ನು ಹತ್ತೇ ನಿಮಿಷ, ಗೆದ್ದೆ ಎಂದುಕೊಂಡ. ಅಷ್ಟರಲ್ಲಿ ಬಾಗಿಲು ದಡಾರನೆ ತೆರೆಯಿತು.

"ಎಲ್ಲಿ ನಮ್ಮ ಅಳಿಯಂದ್ರು? ಐದು ಚೂರಂತೆ!"

ಬೆಳಗಿನಿಂದ ಕೋಲು ಹುಡುಕಿ ಮನೆಯನ್ನೆಲ್ಲ ತಲೆಕೆಳಗು ಮಾಡಿ, ಬೆನ್ನಿನ ನವೆಯ ಮೇಲೆ ಕಾಲು ಮುರಿದ ಸುದ್ದಿಯನ್ನೂ ಹೊತ್ತುಕೊಂಡು ಅತ್ತೆ ಬಂದಿದ್ದರು. ಹಿಂದೆ ವಾಚ್‌ಮನ್ ಕುರ್ಚಿಯೊಂದನ್ನು ಹೊತ್ತಿದ್ದ. ರೋಗಿಯನ್ನು ಅದರಲ್ಲಿ ಕೂರಿಸಿ ಸಾಗಿಸುವುದೆಂದು ಅವನ ಲೆಕ್ಕ.

"ನೆಟ್ಟಗೇ ನಿಂತಿದ್ದೀರಲ್ರೀ!" ಎಂದು ಅತ್ತೆ ಅಳಿಯನನ್ನು ಮೇಲಿಂದ ಕೆಳಗೆ ನೋಡಿದರು. ಹಾಗೆ ನೋಡುತ್ತ ಅವರ ಕಣ್ಣು ಡೈರೆಕ್ಟರ ಕೈಯ ಮೇಲೆ ಬಿತ್ತು. "ಅಯ್ಯೋ, ನನ್ನ ಕೋಲು! ಇಲ್ಲಿ ಕೊಡಿ ಅದನ್ನ!"

"ಅತ್ತೇ, ಬೇಡ ಅತ್ತೇ..." ಎಂದು ಟೆಂಪರರಿ ಅಡ್ಡ ಬಂದ.

ಅತ್ತೆ ಕೋಲನ್ನು ಕಿತ್ತುಕೊಂಡರು. ಐದು ದೇಶಗಳು ನೋಡುತ್ತಿದ್ದಂತೆ ಬೆನ್ನಿಗೆ ಇಳಿಸಿದರು. ಕಣ್ಣು ಮುಚ್ಚಿ, ಕತ್ತು ವಾಲಿಸಿ, ಪರಪರನೆ ನಾಲ್ಕು ಸಲ ಎಳೆದರು.

"ಅಬ್ಬಾ! ಹೋದ ಪ್ರಾಣ ಬಂತು!"

ಡೈರೆಕ್ಟರು ತಲೆಯ ಮೇಲೆ ಕೈ ಹೊತ್ತರು. ಭಾಷಾಂತರ ಯಂತ್ರ ಮಾತ್ರ ತನ್ನ ಕೆಲಸ ತಾನು ಮಾಡಿತು. ಅತ್ತೆಯ ಮಾತನ್ನು ಅಕ್ಷರಕ್ಕೆ ಅಕ್ಷರ ಇಳಿಸಿ ನಾಲ್ಕೂ ದೇಶಗಳಿಗೆ ಕಳಿಸಿತು.

ಬಿಳಿ ಗಡ್ಡದವರು ಮೆಲ್ಲಗೆ ಎದ್ದು ನಿಂತರು. ಪರದೆಯ ಕೆಳಗೆ ಸಾಲೊಂದು ಮೂಡಿತು: "ಪ್ರಾಣ ಹೋಗಿತ್ತೇ? ಮರಳಿ ಬಂದಿತೇ? ದಯವಿಟ್ಟು ಹಿರಿಯ ಮಾತೆಯನ್ನು ಕೇಳಿ."

ಕಂಪ್ಯೂಟರ್ ಮೇಡಂ ನಗು ನುಂಗಿಕೊಂಡು ಓದಿ ಹೇಳಿದರು.

"ಹೂಂ ಮತ್ತೆ! ಬೆಳಿಗ್ಗೆ ಒಂಬತ್ತರಿಂದ ಜೀವ ಹೋಗ್ತಾ ಇತ್ತು. ಈ ಕೋಲು ಇಲ್ದೆ ನಾನು ಬದುಕಿರೋದೇ ಇಲ್ಲ" ಎಂದರು ಅತ್ತೆ.

ಅದೂ ಹೋಯಿತು, ಅಕ್ಷರಕ್ಕೆ ಅಕ್ಷರ.

"ಇದನ್ನು ಯಾರು ಕಲಿಸಿದರು?" ದಪ್ಪ ಕನ್ನಡಕ ತನ್ನ ದೇಶದ ಹಸ್ತದಂಡ ಹಿಡಿದುಕೊಂಡೇ ಕೇಳಿತು.

"ಕಲಿಸೋದೇನಮ್ಮಾ ಬಂತು? ನಮ್ಮಮ್ಮ ಕೆರ್ಕೊಳ್ತಿದ್ರು, ಅವರಮ್ಮ ಕೆರ್ಕೊಳ್ತಿದ್ರು. ನಿಮ್ಮ ಕೈಯಲ್ಲೂ ಒಂದಿದೆಯಲ್ಲ, ಸುಮ್ನೆ ಹಿಡ್ಕೊಂಡು ಕೂತಿದ್ದೀರಲ್ಲ. ಹಾಕ್ಕೊಳ್ಳಿ ಬೆನ್ನಿಗೆ!"

ನಾಲ್ಕು ದೇಶಗಳ ಪಂಡಿತರು ಕೈಗವಸು ತೊಟ್ಟ ಕೈಗಳಲ್ಲಿ ತಮ್ಮ ತಮ್ಮ ಹಸ್ತದಂಡಗಳನ್ನು ಎತ್ತಿದರು. ಮೊದಲು ಹೆದರಿ ಹೆದರಿ, ಆಮೇಲೆ ಹುರುಪಿನಿಂದ. ಹಣೆಯವರ ನೆರಿಗೆಗಳೆಲ್ಲ ಮಾಯವಾದವು. ಬೋಳುತಲೆ ಕೆಂಪಗೆ ಅರಳಿತು. ಬಿಳಿ ಗಡ್ಡದವರ ಕಣ್ಣಲ್ಲಿ ನೀರು ಬಂತು.

"ನನ್ನ ಅಜ್ಜಿ ದಿನವೂ ಹೀಗೆಯೇ ಮಾಡುತ್ತಿದ್ದರು. ಆಕೆ ಬರೀ ಬೆನ್ನು ಕೆರೆದುಕೊಳ್ಳುತ್ತಿದ್ದಾರೆ ಎಂದು ನಾನು ತಪ್ಪಾಗಿ ತಿಳಿದಿದ್ದೆ!" ಎಂದರು.

ಸಭೆ ಮುಗಿಯುವ ಹೊತ್ತಿಗೆ 'ಪ್ರಾಣದಂಡ' ಎಂಬ ಹೊಸ ಹೆಸರಿನಲ್ಲಿ ಅದು ಐದು ದೇಶಗಳ ಸಮಾನ ಪರಂಪರೆ ಎಂದು ಘೋಷಣೆಯಾಯಿತು. ಅತ್ತೆಗೆ ಎಲ್ಲರೂ ಎದ್ದು ನಿಂತು ಕೈ ತಟ್ಟಿದರು. ವಾಚ್‌ಮನ್ ತಾನು ತಂದ ಕುರ್ಚಿಯನ್ನು ಅವರಿಗೇ ಹಾಕಿದ.

ಸಂಜೆ ನಾಲ್ಕೂವರೆಗೆ ಡೈರೆಕ್ಟರು ಟೆಂಪರರಿಯನ್ನು ಕರೆಸಿ ಬಾಗಿಲು ಮುಚ್ಚಿದರು.

"ನಿಜ ಹೇಳು. ಪೆಟ್ಟಿಗೇಲಿದ್ದದ್ದು ಎಲ್ಲಿ?"

ಅವನು ತಡೆಯಲಾರದೆ ಟಿಫಿನ್ ಡಬ್ಬಿ ತೆರೆದು ಮೇಜಿನ ಮೇಲಿಟ್ಟ. "ಸರ್, ಹೊಸ ಶರ್ಟು... ಕೈಗೆ ಎಟುಕಲಿಲ್ಲ..."

ಡೈರೆಕ್ಟರು ತುಂಡುಗಳನ್ನು ನೋಡಿ ನಿಟ್ಟುಸಿರುಬಿಟ್ಟರು. ಮೇಜಿನ ಕೊನೆಯ ಡ್ರಾಯರಿನ ಬೀಗ ತೆಗೆದು, ಹಳೆಯ ಬಟ್ಟೆಯ ಗಂಟೊಂದನ್ನು ಬಿಚ್ಚಿದರು. ಅದರಲ್ಲೂ ಒಂದು ಹಸ್ತದಂಡ. ಅದೂ ಎರಡು ತುಂಡು.

"ಅಸಲಿ ಇದು. ಹನ್ನೊಂದು ವರ್ಷದ ಹಿಂದೆ, ನಾನು ಸೇರಿದ ದಿನ. ನನ್ನದೂ ಹೊಸ ಶರ್ಟು."

"ಹಾಗಾದ್ರೆ ನಾನು ಮುರಿದದ್ದು?"

"ನಮ್ಮ ಮಾವನವರದು. ಕೊನೇತನಕ ಹುಡುಕಿದ್ರು, ಪಾಪ."

ಟೆಂಪರರಿಗೆ ಹತ್ತಿರದ ನೆಂಟರನ್ನು ಕಂಡಷ್ಟು ಸಂತೋಷವಾಯಿತು. ಇಬ್ಬರದೂ ಒಂದೇ ಗುಟ್ಟು, ಇನ್ನು ತನ್ನ ಕೆಲಸ ಎಲ್ಲಿಗೂ ಹೋಗದು. ಅದಕ್ಕೆ ಸರಿಯಾಗಿ ಡೈರೆಕ್ಟರು ಲಕೋಟೆಯೊಂದನ್ನು ಅವನ ಕೈಗಿಟ್ಟರು. ನಿಂತಲ್ಲೇ ಒಡೆದ. 'ಪರ್ಮನೆಂಟ್' ಎಂಬ ಮಾತು ಮೊದಲ ಸಾಲಿನಲ್ಲೇ ಇತ್ತು. ಅವನ ಕಣ್ಣು ತುಂಬಿ ಬಂತು. ಒರೆಸಿಕೊಂಡು ಎರಡನೆಯ ಸಾಲು ಓದಿದ. ಅಲ್ಲಿ ಅತ್ತೆಯ ಹೆಸರಿತ್ತು.

"ನಾನೇನು ಮಾಡ್ಲಯ್ಯಾ? ನಾಲ್ಕು ದೇಶದವರದೂ ಒಂದೇ ಹಟ. ವಿದ್ಯೆ ಗೊತ್ತಿರೋ ಹಿರಿಯರೇ ಆ ಜಾಗದಲ್ಲಿರಬೇಕಂತೆ."

"ಸರ್, ಅವರ ವಯಸ್ಸು..."

"ಪರಂಪರೆಗೆ ರಿಟೈರ್ಮೆಂಟ್ ಇಲ್ಲ ಅಂದ್ರು. ನೀನು ಯೋಚನೆ ಮಾಡ್ಬೇಡ. ಅವರಿಗೊಬ್ಬ ಸಹಾಯಕ ಬೇಕಲ್ಲ, ನೀನೇ ಇರು. ಸದ್ಯಕ್ಕೆ ಟೆಂಪರರಿ."

ಅವನು ಮೂರನೆಯ ಕೋಣೆಗೆ ಬಂದಾಗ ಅತ್ತೆ ಅವನದೇ ಮೇಜಿನ ಹಿಂದೆ ಕುಳಿತಿದ್ದರು. ಮನೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ ಕಾರ್ಯಕ್ರಮ ನೋಡಿದ್ದ ಬೀದಿಯ ಜನ ಬೆನ್ನು ತೋರಿಸಲು ಬಾಗಿಲಾಚೆಯವರೆಗೂ ಸಾಲುಗಟ್ಟಿದ್ದರು. ಎಲ್ಲರಿಗಿಂತ ಮುಂದೆ ವಾಚ್‌ಮನ್ ಇದ್ದ. ಅಷ್ಟರಲ್ಲಿ ಟೆಂಪರರಿಗೆ ಮತ್ತೆ ಅದೇ ಜಾಗದಲ್ಲಿ ನವೆ ಎದ್ದಿತು.

"ಅತ್ತೇ, ಒಂದ್ನಿಮಿಷ ಆ ಕೋಲು..." ಎಂದು ಕೈ ಚಾಚಿದ.

ಅತ್ತೆ ಕೋಲನ್ನು ಹಿಂದಕ್ಕೆ ಎಳೆದುಕೊಂಡರು.

"ಮ್ಯೂಸಿಯಂ ಸ್ವತ್ತು. ಟೆಂಪರರಿಯವರು ಮುಟ್ಟೋ ಹಾಗಿಲ್ಲ. ಬೇಕಿದ್ರೆ ಟಿಕೆಟ್ ತಗೊಂಡು ಕ್ಯೂನಲ್ಲಿ ಬನ್ನಿ, ಅಳಿಯಂದ್ರೇ!"